ನಾಕಾದಲ್ಲಿ ನನಗೆ ಬಂದ ಗಿರಾಕಿ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿದ್ದೇ ನನ್ನ ದೊಡ್ಡ ಸಾಧನೆ. ಅದರ ಬಲದ ಮೇಲೆ ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಮಲಗಿದ್ದೆ. ಹೊರಗಿನವರು ಬಂದು ನಮ್ಮ ಕೆಲಸ ತಿಂದರು ಎಂದು ಗೆಳೆಯರ ಮುಂದೆ ಭಾಷಣ ಬಿಗಿಯುತ್ತಿದ್ದೆ. ವಿಜಯಪುರದಿಂದ ಬಂದು, ಕಂಡವರ ಗೋಡೆಗೆ ಬಣ್ಣ ಬಳಿದು ನನ್ನನ್ನು ಓದಿಸಿದ ಅಪ್ಪ ಮಾತ್ರ ಆ ಹೊರಗಿನವರಲ್ಲಿ ಸೇರುತ್ತಿರಲಿಲ್ಲ. ಅಷ್ಟು ಚುರುಕು ನನ್ನ ತಲೆ.

ಅಪ್ಪ ಈಗ ಪೇಂಟಿಂಗಿನ ಸಣ್ಣ ಗುತ್ತಿಗೆದಾರರು. ಠಾಣೆ ನಗರದ ಒಂದು ಫ್ಲ್ಯಾಟು ಸಂಜೆಯೊಳಗೆ ಮುಗಿಯಬೇಕಿತ್ತು. ಮರುದಿನ ಗೃಹಪ್ರವೇಶ. ಚೆನ್ನಾಗಿ ಮಾಡಿದರೆ ಎದುರಿನ ಫ್ಲ್ಯಾಟಿನ ಕೆಲಸವನ್ನೂ ಕೊಡಿಸುತ್ತೇನೆಂದು ಮಾಲೀಕರು ಹೇಳಿದ್ದರು. ಆ ಬೆಳಿಗ್ಗೆಯೇ ಅಪ್ಪನ ಆಳುಗಳಿಬ್ಬರಿಗೂ ಜ್ವರ.

"ಹಾದ್ಯಾಗ ಒಂದು ಹೊಸಾ ರೋಲರ್ ತಗೋ. ನಾಕಾದಿಂದ ಇಬ್ಬರು ಪೇಂಟರ್‌ನ ಕರ್ಕೊಂಡು ಬಾ. ಕೆಲಸ ಬರ್ತೈತೇನು ಕೇಳು, ಊರು ಕೇಳಬ್ಯಾಡ," ಎಂದರು ಅಪ್ಪ.

ಕೂಲಿಯವರು ಕಾಯುವ ನಾಕಾದಲ್ಲಿ ಬಾಯಿ ಬಿಡಬೇಕಿಲ್ಲ. ಕೈಯಲ್ಲಿ ಕರಣೆ ಇದ್ದವನು ಗಾರೆಯವನು, ಬ್ರಷ್ ಇದ್ದವನು ಪೇಂಟರ್. ನಾನು ಊರನ್ನೇ ಕೇಳಿದೆ. ಬ್ರಷ್ ಹಿಡಿದಿದ್ದ ಇಬ್ಬರು ಬಿಹಾರ ಎಂದರು. ಮೂಗು ಮುರಿದು, ಅಪ್ಪಟ ಸ್ಥಳೀಯರು ಬರಲೆಂದು ರೋಲರನ್ನು ಗದೆಯಂತೆ ಹೆಗಲಿಗೇರಿಸಿ ನಿಂತೆ.

ಸ್ಕೂಟರಿನಲ್ಲಿ ಒಬ್ಬ ಮರಾಠಿ ಕಾಕಾ ಬಂದು ನನ್ನನ್ನೇ ಕೇಳಿದರು: "ಕಾಯ್ ರೇ, ದೋನ್ ಖೋಲ್ಯಾ. ಕಿತೀ ಘೇಶೀಲ್?"

ಎರಡು ಕೋಣೆಗೆ ಬಣ್ಣ ಬಳಿಯಲು ನನ್ನ ರೇಟು ಕೇಳುತ್ತಿದ್ದರು! "ಕಾಕಾ, ಮೀ ಬಿ.ಕಾಂ. ಆಹೆ," ಎಂದೆ.

"ಮಗ್ ರೇಟ್ ಕಮೀ ಕರ್," ಎಂದರು. ಓದಿದವನಿಗೆ ಕೂಲಿ ಕಮ್ಮಿಯಂತೆ. ಆಮೇಲೆ ನನ್ನ ಅಂಗೈ ಒತ್ತಿ ನೋಡಿದರು. ಪಾವ್ ಬ್ರೆಡ್ಡಿಗಿಂತ ಮೆತ್ತಗಿತ್ತು. ಛೀ ಎಂದು ಬಿಟ್ಟು, ಆ ಬಿಹಾರದ ಇಬ್ಬರನ್ನೂ ಕರೆದುಕೊಂಡು ಹೋದರು. ನೋಡುನೋಡುತ್ತ ನಾಕಾ ಖಾಲಿಯಾಯಿತು.

ಠಾಣೆಯಲ್ಲಿ ಅಪ್ಪ ಏಣಿಯ ಮೇಲಿಂದಲೇ ಕೇಳಿದರು: "ಎಲ್ಲಿ ಮಂದಿ?"

"ಲೋಕಲ್ ಮಂದಿ ಸಿಗಲಿಲ್ಲ ಅಪ್ಪಾ."

"ಯಾಕ, ನೀ ಅದೀಯಲ್ಲ. ಏಣಿ ಹತ್ತು."

ಹಾಲ್‌ನ ಛಾವಣಿಗೆ ಅರ್ಧ ಬಕೆಟ್, ನನ್ನ ತಲೆಗೆ ಅರ್ಧ ಬಕೆಟ್ ಬಣ್ಣ ಹತ್ತಿತು. ಸಂಜೆ ಬಂದ ಬೆಂಗಳೂರಿನ ಮಾಲೀಕರು ಮೇಲೆ ನೋಡಿದರು. "ಏನ್ರೀ ಇದು, ಛಾವಣಿಗೆ ಚಿಕನ್‌ಪಾಕ್ಸ್ ಆಗಿದ್ಯಾ? ಎದುರು ಮನೆಯವ್ರಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅಪ್ಪ ಏಣಿ ಮಡಚಿದರು. ಎದುರಿನ ಫ್ಲ್ಯಾಟಿನ ಕೆಲಸ ಕೈತಪ್ಪಿ ಹೋಯಿತು.

ವಾಪಸಾಗುವಾಗ ರೈಲಿನ ಗರ್ದಿಯಲ್ಲೂ ನನ್ನ ಹಸಿ ಬಣ್ಣಕ್ಕೆ ಹೆದರಿ ಜನ ಸರಿದರು. ಅಪ್ಪನಿಗೆ ಸೀಟು ಸಿಕ್ಕಿತು. ಆ ದಿನ ಅವರಿಗೆ ನನ್ನಿಂದಾದ ಉಪಕಾರ ಅದೊಂದೇ.