ಅಕ್ಕನ ಮಣಿಕಟ್ಟಿನ ಗೋರಂಟಿ

ಕಳೆದ ಭಾನುವಾರ ಹಾಸ್ಟೆಲಿನಲ್ಲಿ ನನ್ನ ರೂಮಿನ ಗೆಳತಿ ಗೋರಂಟಿ ಪುಡಿಯ ಪೊಟ್ಟಣ ಬಿಚ್ಚಿ, ಟೀ ಡಿಕಾಕ್ಷನ್ನಿನಲ್ಲಿ ಕಲಸಿ ಮುಚ್ಚಿಟ್ಟಳು. ಸ್ವಲ್ಪ ಹೊತ್ತಿಗೆ ಆ ವಾಸನೆ ರೂಮೆಲ್ಲ ಹರಡಿತು. ಒದ್ದೆ ಮಣ್ಣು, ಒಣಹುಲ್ಲು, ಸ್ವಲ್ಪ ಹುಳಿ... ಓದುತ್ತಿದ್ದ ಪುಸ್ತಕವನ್ನು ಮಡಚಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಹಿರಿಯೂರಿನ ಪಕ್ಕದ ಮನೆಯ ಅತ್ತೆ ಬಹಳ ದಿನಗಳ ಮೇಲೆ ನೆನಪಾದರು.

ಅತ್ತೆ ಎಂದರೆ ನೆಂಟರಲ್ಲ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಗೋರಂಟಿ ಗಿಡದ ಬೇಲಿಯಿತ್ತು, ಅಷ್ಟೇ. ಅವರದು ಕುರಿ ಸಾಕುವ ಮನೆ. ಮಾವ ಮಂದೆಯ ಹಿಂದೆ ಹೋದರೆ ಅತ್ತೆ ಜಗುಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದರು. ಮಕ್ಕಳಿರಲಿಲ್ಲ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಗೋರಂಟಿ ಹಾಕುವುದು ಅವರೇ. ಅವರ ಕೈ ಮಾತ್ರ ಬೋಳು. ಯಾಕೆ ಅಂದರೆ, "ಉಣ್ಣೆ ಜಿಡ್ಡು ಕಣವ್ವ. ನನ್ನ ಕೈಗೆ ಬಣ್ಣ ಹತ್ತಂಗಿಲ್ಲ, ಕುರಿ ವಾಸ್ನೆ ಬಿಡಂಗಿಲ್ಲ" ಎಂದು ನಗುತ್ತಿದ್ದರು. ಅದಕ್ಕೇ ಯಾರು ಬಂದರೂ ಮೊದಲು ಸೀಗೇಕಾಯಿ ಹಾಕಿ ಕೈ ತೊಳೆಸುತ್ತಿದ್ದರು. ಚರ್ಮದಲ್ಲಿ ಎಣ್ಣೆಯ ಪಸೆಯಿದ್ದರೆ ಬಣ್ಣ ಕೂರುವುದಿಲ್ಲ.

ನಾನಾಗ ಹೈಸ್ಕೂಲು. ಅಕ್ಕನನ್ನು ನೋಡಲು ಹೊಸದುರ್ಗದ ಕಡೆಯವರು ಬರುವವರಿದ್ದರು. ಅಕ್ಕನ ಎಡಗೈ ಮಣಿಕಟ್ಟಿನ ಒಳಮೈಯಲ್ಲಿ ಬಿಳಿ ಮಚ್ಚೆಯೊಂದಿತ್ತು. ಮೊದಲು ಹುರುಳಿಕಾಳಿನಷ್ಟಿದ್ದದ್ದು ಬರಬರುತ್ತ ವೀಳ್ಯದೆಲೆಯ ತುದಿಯಷ್ಟಾಗಿತ್ತು. ತೊನ್ನು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಅಮ್ಮ ಅತ್ತೆಯನ್ನು ಕರೆದು, ಅಂಗೈ ತುಂಬಿಸಿ ಮಣಿಕಟ್ಟಿನವರೆಗೂ ಬಳೆಯ ಹಾಗೆ ಗೋರಂಟಿ ಹಾಕಲು ಹೇಳಿದಳು. "ಅಲ್ಲಿ ಸ್ವಲ್ಪ ದಪ್ಪಗೆ ಹಾಕು" ಎಂದಷ್ಟೇ ಅಂದು, ಉಪ್ಪಿಟ್ಟಿನ ರವೆ ಹುರಿಯಲು ಒಳಗೆ ಹೋದಳು.

ನಾನು ಒರಳಿನಲ್ಲಿ ಎಲೆ ರುಬ್ಬುತ್ತಿದ್ದೆ. ಹುಣಸೆಹಣ್ಣು, ಚೂರು ಕಾಚು ಹಾಕಿ ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಅತ್ತೆ ಪೊರಕೆ ಕಡ್ಡಿಯ ತುದಿಯಿಂದ ಅಂಗೈ ನಡುವೆ ಚಂದ್ರ, ಸುತ್ತ ಚುಕ್ಕಿ ಇಟ್ಟರು. ಬೆರಳ ತುದಿಗಳಿಗೆ ಟೋಪಿಯ ಹಾಗೆ ಮೆತ್ತಿದರು. ಮಣಿಕಟ್ಟಿಗೆ ಬಂದಾಗ ಕಡ್ಡಿ ನಿಂತಿತು.

"ಮುಚ್ಲಾ, ಬಿಡ್ಲಾ? ಕೈ ನಿಂದು. ನೀನು ಹೇಳು."

ಅಕ್ಕ ಒಳಬಾಗಿಲ ಕಡೆ ನೋಡಿದಳು. "ಮುಚ್ಚಿದ್ರೆ ಎಷ್ಟು ದಿನ ಇರ್ತೈತೆ ಅತ್ತೆ?"

"ಉಗುರಾಗಾದ್ರೆ ಬೆಳ್ದು ಹೋಗೋ ತನಕ. ಚರ್ಮದ ಮೇಲೆ ಹದಿನೈದು ದಿನ ಇದ್ದೀತು."

"ಆಮ್ಯಾಲೆ?"

ಅತ್ತೆ ಕಡ್ಡಿಯನ್ನು ಮತ್ತೆ ಗೋರಂಟಿಯಲ್ಲಿ ಅದ್ದಿದರು. ಒಳಗಿಂದ ರವೆ ಹುರಿಯುವ ಸದ್ದು ಬರುತ್ತಿತ್ತು. ಅಕ್ಕ ಬಹಳ ಮೆಲ್ಲಗೆ, "ಬಿಟ್ಬಿಡ್ರಿ ಅತ್ತೆ" ಎಂದಳು.

"ನಿಮ್ಮಮ್ಮ ನನ್ನ ಸಿಗೀತಾಳೆ" ಎಂದರು ಅತ್ತೆ. ಆದರೆ ಮಚ್ಚೆಯನ್ನು ಹಾಗೇ ಬಿಟ್ಟು, ಅದರ ಅಂಚಿಗೆ ಸರಿಯಾಗಿ ಸಣ್ಣ ಸಣ್ಣ ಚುಕ್ಕಿ ಇಟ್ಟುಕೊಂಡು ಹೋದರು. ಆ ಚುಕ್ಕಿಗಳನ್ನಿಟ್ಟಷ್ಟು ನಿಧಾನವಾಗಿ ಅವರು ಇನ್ನೇನನ್ನೂ ಇಡಲಿಲ್ಲ.

ಅರೆ ಒಣಗಿದ ಮೇಲೆ ನಿಂಬೆರಸದಲ್ಲಿ ಬೆಲ್ಲ ಕರಗಿಸಿ, ಹತ್ತಿಯಲ್ಲಿ ಅದ್ದಿ ಒತ್ತಿದರು. ಗೋರಂಟಿ ಉದುರದೆ ಚರ್ಮಕ್ಕೆ ಅಂಟಿ ಕೂರಲೆಂದು. ಕೆಂಡದ ಮೇಲೆ ಲವಂಗ ಉದುರಿಸಿ ಹೊಗೆ ಹಿಡಿಸಿದರು. ಕೊನೆಗೆ ಹರಳೆಲೆ ಸುತ್ತಿ, ಹಳೇ ಪಂಚೆಯ ಚೂರಿನಿಂದ ಎರಡೂ ಕೈ ಕಟ್ಟಿದರು. ಕಟ್ಟಿದ್ದನ್ನು ಬೆಳಗಾಗುವವರೆಗೆ ಯಾರೂ ಬಿಚ್ಚಿ ನೋಡಬಾರದು, ಬಿಚ್ಚಬೇಕಾದವಳು ಹಾಕಿದವಳೇ ಎಂಬುದು ನಮ್ಮ ಬೀದಿಯ ರೂಢಿ. ಹಾಗಾಗಿ ಅಮ್ಮನೂ ನೋಡಲಿಲ್ಲ. ಅಕ್ಕನಿಗೆ ನಾನೇ ತುತ್ತಿಟ್ಟೆ.

ಬೆಳಿಗ್ಗೆ ಅತ್ತೆ ಬಂದು ಬಿಚ್ಚಿದರು. ನೀರು ಸೋಕಿಸದೆ ಒಣಗಿದ್ದನ್ನು ಉಜ್ಜಿ ಉದುರಿಸಿ, ಶೇಂಗಾ ಎಣ್ಣೆ ಸವರಿದರು. ಕೆಂಪು ಚೆನ್ನಾಗಿ ಕೂತಿತ್ತು. ನಡುವೆ ಆ ಬಿಳುಪು ಮೊದಲಿಗಿಂತಲೂ ಎದ್ದು ಕಾಣುತ್ತಿತ್ತು.

ಅಮ್ಮ ಕೈ ಹಿಡಿದುಕೊಂಡೇ ನಿಂತಳು. "ಏನೇ ಇದು?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನನ್ನ ಕಣ್ಣು ಹಾಳಾಗ. ಮರ್ತೇಬಿಟ್ಟೆ ಕಣವ್ವಾ" ಎಂದರು.

"ಮರ್ತೋಳು ಸುತ್ತ ಚುಕ್ಕಿ ಇಡ್ತಾಳಾ?"

ಅತ್ತೆ ತಲೆತಗ್ಗಿಸಿ ಪಂಚೆಯ ಚೂರುಗಳನ್ನು ಮಡಚಿದರು. ಮತ್ತೆ ರುಬ್ಬಿ ಹಾಕಿದರೂ ಬಣ್ಣ ಹತ್ತುವಷ್ಟು ಹೊತ್ತಿರಲಿಲ್ಲ, ಬಸ್ಸು ಬರುವ ವೇಳೆಯಾಗಿತ್ತು. ಅಕ್ಕ ಹಿತ್ತಿಲವರೆಗೂ ಅವರ ಹಿಂದೆ ಓಡಿದಳು, ಅವಳ ಹಿಂದೆ ನಾನು. ಅಮ್ಮನಿಗೆ ನಿಜ ಹೇಳುತ್ತೇನೆ ಎಂದು ಅಕ್ಕ ಅತ್ತಾಗ ಅತ್ತೆ, "ಸುಮ್ನಿರು. ನೀನು ಈ ಮನ್ಯಾಗೆ ಇರ್ಬೇಕಾದೋಳು. ನಾನು ಬೇಲಿ ಆಚೆಯೋಳು, ಬೈಸ್ಕೊಂಡ್ರೆ ಏನಾತು?" ಎಂದರು.

ಅಮ್ಮ ಕೈಗೆ ಸೆರಗು ಹೊದ್ದುಕೋ ಎಂದಿದ್ದಳು. ಆದರೆ ತಟ್ಟೆ ಕೊಡುವಾಗ ಹುಡುಗನ ತಾಯಿ ಗೋರಂಟಿ ನೋಡಲೆಂದೇ ಅಕ್ಕನ ಕೈ ಹಿಡಿದುಕೊಂಡರು. "ಇದೇನಮ್ಮ?" ಅಕ್ಕ, "ತೊನ್ನು. ಆರನೇ ಕ್ಲಾಸಿನಿಂದ ಐತೆ" ಎಂದಳು. ಆ ಮಾತು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಅವರು ಉಪ್ಪಿಟ್ಟು ತಿಂದು, ಮರ್ಯಾದೆಯಿಂದಲೇ ಹೊರಟರು. ಮತ್ತೆ ಸುದ್ದಿಯಿಲ್ಲ.

ಅಮ್ಮ ಅತ್ತೆಯೊಡನೆ ಮಾತು ಬಿಟ್ಟಳು. ನಲ್ಲಿಯ ಹತ್ತಿರ ಎದುರಾದರೆ ಕೊಡ ಅಲ್ಲೇ ಇಟ್ಟು ಹಿಂದಿರುಗುತ್ತಿದ್ದಳು. ಎರಡು ವರ್ಷದ ಮೇಲೆ ಮಾವನ ಮಂಡಿ ಕೆಟ್ಟು, ಮಂದೆ ಮಾರಿ, ಅವರಿಬ್ಬರೂ ಯಲ್ಲದಕೆರೆಯಲ್ಲಿದ್ದ ಅತ್ತೆಯ ತಮ್ಮನ ಮನೆಗೆ ಹೊರಟರು. ಹೇಳಿಹೋಗಲು ಅತ್ತೆ ಬಂದಾಗ ಅಮ್ಮ ತಲೆನೋವೆಂದು ಒಳಗೇ ಮಲಗಿದ್ದಳು. ಅತ್ತೆ ಸ್ವಲ್ಪ ಹೊತ್ತು ಹೊಸಿಲ ಹೊರಗೆ ನಿಂತಿದ್ದು...

ಅಕ್ಕ ಟೀಚರಾಗಿ ಧರ್ಮಪುರಕ್ಕೆ ಹೋದಳು. ಅದೇ ಶಾಲೆಯ ಮೇಷ್ಟರೊಬ್ಬರು, ದಿನವೂ ಸೀಮೆಸುಣ್ಣ ಹಿಡಿದ ಆ ಕೈಯನ್ನು ನೋಡಿದ್ದವರು, ಮನೆಗೆ ಬಂದು ಕೇಳಿದರು. ಮದುವೆ ಗೊತ್ತಾದ ದಿನ ಅಕ್ಕ ಅಮ್ಮನಿಗೆ ಹೇಳಿದಳು: "ಅವತ್ತು ಬಿಡು ಅಂದೋಳು ನಾನು. ಅತ್ತೆ ಮರ್ತಿರಲಿಲ್ಲ." ಮಾರನೆಯ ಬೆಳಿಗ್ಗೆ ಅಮ್ಮ ಅರಿಶಿನ ಕುಂಕುಮ, ಕುಪ್ಪಸದ ಕಣ ಹಿಡಿದು ಯಲ್ಲದಕೆರೆಯ ಬಸ್ಸು ಹತ್ತಿದಳು. ಸಂಜೆ ಬಂದು, "ಆಕೆ ತೀರಿಹೋಗಿದ್ದಾಳೆ, ಹೋದ ಮಳೆಗಾಲದಲ್ಲೇ" ಎಂದು ಕಾಲು ತೊಳೆಯಲು ಹೋದಳು.

ಉಳಿದದ್ದನ್ನು ಅಮ್ಮ ನನಗೆ ಹೇಳಿದ್ದು ಈ ದಸರೆಯಲ್ಲಿ, ಶೇಂಗಾ ಬಿಡಿಸುತ್ತ, ತಲೆಯೆತ್ತದೆ. ಬಾಗಿಲಿಗೆ ಬಂದ ಅತ್ತೆಯ ತಮ್ಮನ ಹೆಂಡತಿ, "ಹಿರಿಯೂರಿನೋರಾ? ಕುಂತ್ಕಳ್ರಿ. ‘ಪಕ್ಕದ ಮನೆ ಹುಡುಗಿ ಮದ್ವಿಗೆ ನನ್ನ ಕರಿಯಾಕೆ ಬರ್ತಾರೆ, ಗೋರಂಟಿ ನಾನೇ ಹಾಕ್ಬೇಕು’ ಅಂತಿದ್ರು ನಮ್ಮತ್ತಿಗೆ" ಎಂದಳಂತೆ. ಜಗಳದ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮಕ್ಕಂಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ" ಎಂದಳು ಅಮ್ಮ. ಆಮೇಲೆ ನಾನು ಧರ್ಮಪುರಕ್ಕೆ ಹೋಗಿಬಂದೆ. ಅಕ್ಕನ ಮಚ್ಚೆ ಈಗ ಮೊಣಕೈವರೆಗೂ ಹಬ್ಬಿದೆ. ಆ ಕೈಯಲ್ಲೇ ಮಗುವನ್ನೆತ್ತಿಕೊಂಡು ಬಸ್ಸಿನವರೆಗೂ ಬಂದಳು. ನನಗೂ ಬಾಯಿ ಬರಲಿಲ್ಲ.

ನಾನು ಎಲ್ಲಿ ಬರೆದರೂ ಅಕ್ಕ ತಪ್ಪದೆ ಓದುತ್ತಾಳೆ. ಅಕ್ಕಾ, ಅತ್ತೆ ಮುನಿಸಿಕೊಂಡಿರಲಿಲ್ಲ. ಕರೆಯುತ್ತೇವೆಂದು ಕಾದಿದ್ದರು. ನಾವು ಹೋದದ್ದು ತಡವಾಯಿತು.