ಅಕ್ಕ ತಲೆ ತಿರುಗಿ ಬಿದ್ದದ್ದು ಯಾಕೆ?

ಮೊನ್ನೆ ಅಕ್ಕ ಮತ್ತೆ ಬಿದ್ದಳು. ಇದು ಮೂರನೆಯ ಸಲ. ಇಳಕಲ್ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದವಳು ಅದರ ಮೇಲೆಯೇ ಕುಸಿದಳಂತೆ. (ಗಿರಾಕಿ ಮೊದಲು ಸೀರೆ ಎಳೆದುಕೊಂಡರು, ಆಮೇಲೆ ಅಕ್ಕನನ್ನು ನೋಡಿದರು. ಇದು ಅವಳ ಜೊತೆಗಾತಿಯ ವರದಿ.)

ಅಕ್ಕ ಬೆಟಗೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್ ಗರ್ಲ್. ನಮ್ಮೂರು ಹೊಂಬಳದಿಂದ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ವಾಪಸ್. ಈ ಸಲ ಅಂಗಡಿಯ ಸಾವಕಾರರು ನನಗೇ ಫೋನ್ ಮಾಡಿದರು.

"ನೋಡಪಾ, ನಿಮ್ಮಕ್ಕ ಕೆಲಸದಾಗ ಭಾಳ ಚುರುಕ ಅದಾಳ. ಆದ್ರ ಯಾಕ ಬೀಳ್ತಾಳ ಅಂತ ತಿಳಕೊಂಡ ಕಳಸು. ಇಲ್ಲಾಂದ್ರ ಬ್ಯಾರೆದಾಕಿನ್ನ ನೋಡ್ಕೋಬೇಕಾಕ್ಕತಿ."

ಮಾತು ಮೆತ್ತಗಿತ್ತು. ಅರ್ಥ ಮೆತ್ತಗಿರಲಿಲ್ಲ.

ಕಾರಣಗಳಿಗೇನು ಬರ? ಅವ್ವನ ಪ್ರಕಾರ ದೃಷ್ಟಿ. ಓಣಿಯವರ ಪ್ರಕಾರ ನಿಶ್ಶಕ್ತಿ. ಹರ್ತಿಯಿಂದ ಬಂದ ಚಿಗವ್ವ, "ಮದುವಿ ಮಾಡ್ರಿ, ಎಲ್ಲಾ ಸರಿ ಆಕ್ಕತಿ" ಅಂದಳು. (ಮದುವೆಯಾದವರು ಯಾರೂ ಬೀಳುವುದಿಲ್ಲವೇ?)

ನನಗೋ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ, ನಿಮಗೆ ಗೊತ್ತೇ ಇದೆ. ಬಿದ್ದ ದಿನ ಏನು ಉಂಡಿದ್ದಳು, ಎಷ್ಟು ಮಲಗಿದ್ದಳು, ಉಪವಾಸವಿತ್ತೇ, ಎಲ್ಲ ಬರೆದೆ. ಒಂದಕ್ಕೊಂದು ತಾಳೆಯಾಗಲಿಲ್ಲ. ಗದಗಿನಲ್ಲಿ ಇಸಿಜಿ, ರಕ್ತ, ತಲೆಯ ಸ್ಕ್ಯಾನ್. ಎಲ್ಲ ನಾರ್ಮಲ್. ನಾರ್ಮಲ್ ಅನ್ನುವ ಶಬ್ದ ಇಷ್ಟು ದಣಿಸುತ್ತದೆಂದು ಗೊತ್ತಿರಲಿಲ್ಲ.

ಕಡೆಗೆ ಒಬ್ಬ ಡಾಕ್ಟರಮ್ಮ ಅಕ್ಕನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಇಳಿದಿತ್ತು.

"ನೀರ ಕುಡೀತಿ ಇಲ್ಲೋ?"

"ಕುಡೀತೇನ್ರಿ."

"ಅಂಗಡ್ಯಾಗ?"

ಅಕ್ಕ ನನ್ನತ್ತ ನೋಡಿ ತಲೆ ತಗ್ಗಿಸಿದಳು. "ಮುಂಜಾನೆ ಚಾ ಕುಡದ್ರ ಮುಗೀತ್ರಿ. ಮತ್ತ ಮನಿಗೆ ಬಂದ ಮ್ಯಾಲೆ."

"ಯಾಕವಾ?"

"ಬಾತ್‌ರೂಮಿನ ಕೀಲಿ ಸಾವಕಾರ್ರ ಗಲ್ಲಾದಾಗ ಇರತೈತ್ರಿ. ಗಿರಾಕಿ ಮುಂದ ಹೆಂಗ ಕೇಳೂದು? ಕೇಳಿದ್ರ, 'ಈಗಷ್ಟ ಹೋಗಿದ್ದಿಯಲ್ಲಾ' ಅಂತಾರ. ನಾವು ಯಾರೂ ಕುಡಿಯಂಗಿಲ್ರಿ."

ಯಾರೂ. ಹೊಸದಾಗಿ ಸೇರಿದ ಹುಡುಗಿಗೆ ಸೀರೆ ಮಡಿಸುವುದನ್ನು ಕಲಿಸುವ ಮೊದಲು ಉಳಿದವರು ಇದನ್ನು ಕಲಿಸುತ್ತಾರಂತೆ: ನೀರಿನ ಬಾಟಲಿ ತರಬೇಡ. ಕೂರಲು ಸ್ಟೂಲೂ ಇಲ್ಲ. ಗಂಟಲು ಒಣಗಿಸಿಕೊಂಡು, ದಿನವಿಡೀ ನಿಂತು, ನಗಬೇಕು.

"ಖರೆ ಹೇಳ್ಬೇಕಂದ್ರ ಇದು ರೋಗಾನ ಅಲ್ಲ" ಎಂದರು ಡಾಕ್ಟರಮ್ಮ. ನೀರು ಕುಡಿಯಬೇಕು, ನಡುನಡುವೆ ಕೂರಬೇಕು ಎಂದು ಬರೆದುಕೊಟ್ಟರು. ನಾವಿಬ್ಬರೂ ಬಸ್ಸು ಹತ್ತಿದೆವು.

"ಮನ್ಯಾಗ ಯಾಕ ಹೇಳಲಿಲ್ಲಕ್ಕಾ?"

"ಉಂಡಿದ್ದು ಕೇಳ್ದಿ, ಮಲಗಿದ್ದು ಕೇಳ್ದಿ. ಇದನ್ನ ಕೇಳಿದಿಯೇನು?" ಅಂದವಳೇ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಸಾವಕಾರರಿಗೆ ನಾನೇ ಹೇಳಿದೆ, ಕೀಲಿಯ ಮಾತೂ ಸೇರಿಸಿ. ಅವರಿಗೆ ನಿಜಕ್ಕೂ ಕೆಡುಕೆನಿಸಿತು. "ಇಷ್ಟನಾ? ಮೊದಲ ಹೇಳಬಾರದಿತ್ತ?" ಎಂದರು. ಮರುದಿನವೇ ಹುಡುಗಿಯರಿಗಾಗಿ ದೊಡ್ಡದೊಂದು ನೀರಿನ ಕ್ಯಾನು ತರಿಸಿ, ಸ್ಟೀಲ್ ಲೋಟ ಇಡಿಸಿದರು. ಅಕ್ಕನ ಕೆಲಸ ಉಳಿಯಿತು.

ಕೀಲಿ ಗಲ್ಲಾದಲ್ಲೇ ಇದೆ. ಕ್ಯಾನು ಸಂಜೆಗೂ ತುಂಬಿಯೇ ಇರುತ್ತದೆ.