ಜ್ವಾಲಾಮುಖಿಗೆ ಹೋದ ಕುಕ್ಕರ್

ಸ್ಯಾನ್ ಡಿಯೇಗೋದ ನಮ್ಮ ಜನ ಹವಾಯಿಗೆ ಹೋಗಿಬಂದರೆ ಮೊದಲು ಹೇಳುವುದು ಅಲ್ಲಿ ಊಟಕ್ಕೇನು ಮಾಡಿಕೊಂಡೆವು ಅನ್ನುವುದನ್ನು. ಸಮುದ್ರದ ನಡುವೆ ಬೆಂಕಿ ಕಾರುವ ಬೆಟ್ಟದ ಸುದ್ದಿ ಆಮೇಲೆ. ಬಿಸಿಬೇಳೆಬಾತಿಗೆ ಖಾರಾಬೂಂದಿ ಇರಲಿಲ್ಲ ಅನ್ನುವ ದುಃಖ ಮೊದಲು.

ಕೋವಿಡ್ ಕಳೆದ ಮೇಲೆ ನಾವೂ ಹೋದೆವು. ನಾನು, ನಮ್ಮ ಯಜಮಾನರು, ಜೊತೆಗೆ ಪಕ್ಕದೂರು ಕಾರ್ಲ್ಸ್‌ಬಾಡ್‌ನ ಪರಿಚಯದ ಗಂಡಹೆಂಡತಿ. ಆ ಗಂಡಸು ತಾವಾಗಿಯೇ ಪ್ರವಾಸದ ಮುಖಂಡರಾದರು. ಅಲ್ಲಿ ಉಳಿಯಲು ಮನೆ ಬುಕ್ ಮಾಡುವಾಗ ಕಿಟಕಿಯಿಂದ ಏನು ಕಾಣುತ್ತದೆ ಅಂತ ನೋಡಲಿಲ್ಲ, ಅಡುಗೆಮನೆ ಎಷ್ಟು ದೊಡ್ಡದು ಅಂತ ನೋಡಿದರು. ಕುಕ್ಕರ್ ತರುವ ಭಾರ ನನ್ನದಾಯಿತು. ನಮ್ಮೂರಿನ ಮೀರಾ ಮೆಸಾ ಬಡಾವಣೆಯ ಇಂಡಿಯನ್ ಅಂಗಡಿಯಿಂದ ತೊಗರಿಬೇಳೆ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ತಂದು ಅದರ ಹೊಟ್ಟೆಗೇ ತುರುಕಿದೆ. ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿಯವರು ಬ್ಯಾಗ್ ಬಿಚ್ಚಿಸಿ, ಕುಕ್ಕರಿನ ವೆಯ್ಟನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಅದು ಬೇಳೆ ಬೇಯಿಸುವ ಪಾತ್ರೆ ಅಂತ ನಾನು ವಿವರಿಸುವಷ್ಟು ಹೊತ್ತೂ ಮುಖಂಡರು ನನ್ನ ಗುರುತೇ ಇಲ್ಲದವರ ಹಾಗೆ ದೂರ ನಿಂತು ಫೋನ್ ನೋಡುತ್ತಿದ್ದರು.

ನನಗಿದ್ದದ್ದು ಒಂದೇ ಆಸೆ. ಸ್ಕೂಲಿನಲ್ಲಿ ಭೂಗೋಳದ ಪಾಠಕ್ಕೆ ಜ್ವಾಲಾಮುಖಿಯ ಚಿತ್ರ ಬರೆದು, ಕೆಂಪು ಪೆನ್ಸಿಲ್ ಮೊಂಡಾಗುವ ತನಕ ಬಣ್ಣ ತುಂಬಿದ್ದೆ. ಆ ಕೆಂಪನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು.

ಹವಾಯಿಯಲ್ಲಿ ಇಳಿದರೆ ರಸ್ತೆಯ ಎರಡೂ ಕಡೆ ಕರಿ ಲಾವಾ ಕಣ್ಣು ಹಾಯುವಷ್ಟು ದೂರ ಗಟ್ಟಿಯಾಗಿ ಬಿದ್ದಿತ್ತು. ಮುಖಂಡರು ಕಾರಿನಿಂದ ಇಳಿಯಲಿಲ್ಲ. ಬೆಂಗಳೂರಲ್ಲಿ ರೋಡ್ ಅಗೆದು ಬಿಟ್ಟಂಗಿದೆ, ಇದನ್ನ ನೋಡೋಕೆ ಇಲ್ಲೀತನಕ ಬರಬೇಕಿತ್ತಾ ಅಂದರು. ಅವರ ಹೆಂಡತಿ ನಕ್ಕರು. ಆ ನಗು ಸಿಕ್ಕಿದ್ದೇ ತಪ್ಪಾಯಿತು, ಹೊರಡುವವರೆಗೂ ಅದೇ ಜೋಕು.

ಕೊನೆಯ ದಿನ ಜ್ವಾಲಾಮುಖಿಯ ಕುಳಿಯ ಅಂಚಿಗೆ ಹೋದಾಗ ಬರೀ ಹೊಗೆ. ಮಬ್ಬುಗತ್ತಲಾದರೆ ಒಳಗಿನ ಲಾವಾ ಕೆಂಪಗೆ ಕಾಣುತ್ತದೆ ಅಂತ ಪಾರ್ಕಿನವರು ಹೇಳಿದರು. ಹೊತ್ತು ಆಗಲೇ ಇಳಿಯುತ್ತಿತ್ತು. ಇಲ್ಲೇ ಕಾಯೋಣ, ಸ್ಯಾಂಡ್‌ವಿಚ್ ತಿಂದರಾಯಿತು ಅಂದೆ. ಮುಖಂಡರು ನನ್ನನ್ನು ಉಪವಾಸ ಕೆಡವಲು ಬಂದವಳ ಹಾಗೆ ನೋಡಿದರು.

“ರಾತ್ರಿಗೆ ಬ್ರೆಡ್ಡಾ? ಬೆಂಕಿ ಎಲ್ಲೂ ಓಡಿಹೋಗಲ್ಲ ಮೇಡಂ. ಮನೆಗೆ ಹೋಗಿ ಒಂದು ಅನ್ನ ಸಾರು ಮಾಡಿಬಿಡಿ, ಉಂಡ್ಕೊಂಡು ಬರೋಣ.”

ನಮ್ಮ ಯಜಮಾನರೂ ತಲೆಯಾಡಿಸಿದರು. ಅವರ ತಲೆ ಸಾರಿನ ಹೆಸರು ಕೇಳಿದರೆ ತಾನೇ ಆಡುತ್ತದೆ.

ಕುಕ್ಕರ್ ಕೂಗಿತು. ಒಗ್ಗರಣೆ ಬಿತ್ತು. ಮುಖಂಡರು ಸಾರನ್ನ ಉಂಡು, ಮೊಸರನ್ನ ಕಲಸಿಕೊಂಡು, ಉಪ್ಪಿನಕಾಯಿ ಮಿಡಿಯನ್ನು ಸಾವಧಾನವಾಗಿ ಚೀಪಿದರು. ವಾಪಸ್ಸು ಹೋಗುವಷ್ಟರಲ್ಲಿ ಮಂಜು ಇಳಿದು ಕುಳಿಯೇ ಕಾಣುತ್ತಿರಲಿಲ್ಲ, ಬಿಳಿ ಪರದೆ ಎಳೆದ ಹಾಗೆ. ಕಾರಿನ ಕಡೆ ಬರುತ್ತಿದ್ದ ವಯಸ್ಸಾದ ದಂಪತಿಯ ಕೈಯಲ್ಲಿ ಸ್ಯಾಂಡ್‌ವಿಚ್ಚಿನ ಕಾಗದವಿತ್ತು. ಇದೀಗ ತಾನೇ ಎಷ್ಟು ಚೆನ್ನಾಗಿತ್ತು, ಕೆಂಡದ ಕೆರೆಯಂತೆ ಹೊಳೆಯುತ್ತಿತ್ತು ಅಂತ ಪಾಪ ನಮಗಾಗಿ ಪೇಚಾಡಿದರು. ಮುಖಂಡರಿಗೇನೂ ಅನ್ನಿಸಲಿಲ್ಲ. ಯೂಟ್ಯೂಬಲ್ಲಿ ಇನ್ನೂ ಕ್ಲಿಯರಾಗಿ ಕಾಣತ್ತೆ ಬಿಡಿ ಅಂದರು.

ಸ್ಯಾನ್ ಡಿಯೇಗೋಗೆ ವಾಪಸ್ಸು ಬಂದ ಮೇಲೆ ಒಂದು ಹುಟ್ಟುಹಬ್ಬದ ಪಾರ್ಟಿಯಲ್ಲಿ ಇದೇ ಮನುಷ್ಯ ಲಾವಾ ಹೇಗೆ ಕುದಿಯುತ್ತದೆ ಅಂತ ಎರಡೂ ಕೈ ಎತ್ತಿ ವರ್ಣಿಸುತ್ತಿದ್ದರು. ನಾನು ಬೋಂಡ ತಿನ್ನುತ್ತಾ ಕೇಳಿದೆ. ನೋಡಿದವರಿಗೂ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಮಾರನೇ ವರ್ಷ ಅವರ ಹೆಂಡತಿ ಫೋನ್ ಮಾಡಿದರು. ಮತ್ತೆ ಹವಾಯಿಗೆ ಹೋಗೋಣವಂತೆ, ಕುಕ್ಕರ್ ಮಾತ್ರ ಮರೆಯಬಾರದಂತೆ. ನಾನು ಅದನ್ನು ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಕಾರ್ಲ್ಸ್‌ಬಾಡ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಅವರ ಕೈಗೇ ಕೊಟ್ಟುಬಂದೆ. ಮನೆಗೆ ಬಂದು ನನಗೊಬ್ಬಳಿಗೇ ಬೇರೆ ವಾರಕ್ಕೆ ಟಿಕೆಟ್ ಮಾಡಿದೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಒಬ್ಬಳೇ ಹೋಗಿ ಅಲ್ಲಿ ಊಟಕ್ಕೆ ಏನೇ ಮಾಡ್ತೀಯ?”

“ಬ್ರೆಡ್ಡು ತಿಂತೀನಿ,” ಅಂದೆ. “ನೀವು ಅವರ ಜೊತೆ ಹೋಗಿ. ಕುಕ್ಕರ್ ಅವರ ಹತ್ರಾನೇ ಇದೆ.”